ಪಾದದ ಮಟ್ಟಿಗೆ ಪರವಾನಗಿ

ಸಹಾಯಕ ಆರೋಗ್ಯ ವೃತ್ತಿಗಳಿಗೆಂದೇ ರಾಷ್ಟ್ರೀಯ ಆಯೋಗವೊಂದನ್ನು ರಚಿಸುವ ಕಾಯ್ದೆ ಬಂದದ್ದು 2021ರಲ್ಲಿ. ಅದರ ಅನುಸೂಚಿಯನ್ನು ತಾಳ್ಮೆಯಿಂದ ಓದುತ್ತ ಹೋದರೆ ಲ್ಯಾಬ್ ತಂತ್ರಜ್ಞರು, ಫಿಸಿಯೊಥೆರಪಿಯವರು, ಆಹಾರ ತಜ್ಞರು, ಕಣ್ಣು ಪರೀಕ್ಷಿಸುವವರು ಎಲ್ಲರನ್ನೂ ದಾಟಿ ಏಳನೆಯ ವರ್ಗದ ಬಾಲಕ್ಕೆ ಬಂದಾಗ ಪೋಡಿಯಾಟ್ರಿಸ್ಟ್ ಸಿಗುತ್ತಾರೆ. ಅಂದರೆ ಪಾದದ ಆರೈಕೆಯನ್ನೇ ಕಸುಬು ಮಾಡಿಕೊಂಡವರು. ಭಾರತದ ಕಾನೂನಿನಲ್ಲಿ ಈ ಕಸುಬಿಗೆ ಒಂದು ಸಾಲು ಸಿಕ್ಕಿತಲ್ಲ ಎಂದು ಸಮಾಧಾನಪಡಬಹುದು. ಆದರೆ ಅದೇ ಸಾಲನ್ನು ಉತ್ತರ ಕನ್ನಡದ ದಾಂಡೇಲಿಯಲ್ಲೋ ಪಕ್ಕದ ಕೋಗಿಲಬನದಲ್ಲೋ ಕೂತು ಓದಿದರೆ ಬೇರೆಯದೇ ಪ್ರಶ್ನೆ ಏಳುತ್ತದೆ. ಪದವಿ ಪಡೆದ ಪೋಡಿಯಾಟ್ರಿಸ್ಟ್ ಇಲ್ಲಿಗೆ ಬರುವ ತನಕ ಇಲ್ಲಿನ ಕಾಲುಗಳನ್ನು ಯಾರು ನೋಡಬೇಕು? ಎಷ್ಟರ ಮಟ್ಟಿಗೆ ಕೈ ಹಾಕಬಹುದು?

ಕಲಿಯುತ್ತಿರುವವರು ರೋಗಿಯನ್ನು ಎಷ್ಟರ ಮಟ್ಟಿಗೆ ಮುಟ್ಟಬಹುದು ಎಂಬುದಕ್ಕೆ ಅಮೆರಿಕದವರು ಒಂದು ಕಾಗದ ಮಾಡಿಕೊಂಡಿದ್ದಾರೆ. ಅಲ್ಲಿ ಪೋಡಿಯಾಟ್ರಿ ಪ್ರತ್ಯೇಕ ವೈದ್ಯ ಶಾಖೆ. ಡಿಗ್ರಿ ಮುಗಿಸಿ ಮತ್ತೆ ನಾಲ್ಕು ವರ್ಷ ಓದಿ ಡಿಪಿಎಂ ಎಂಬ ಪೋಡಿಯಾಟ್ರಿ ವೈದ್ಯ ಪದವಿ ಪಡೆಯಬೇಕು. ಆಮೇಲೆ ಆಸ್ಪತ್ರೆಯೊಂದರಲ್ಲಿ ಮೂರು ವರ್ಷ ರೆಸಿಡೆನ್ಸಿ. ಈ ಅವಧಿಗೆಂದು ಹಲವು ರಾಜ್ಯಗಳ ಮಂಡಳಿಗಳು ಸೀಮಿತ ತರಬೇತಿ ಪರವಾನಗಿ ಕೊಡುತ್ತವೆ. ಅದನ್ನು ಹಿಡಿದವರು ತರಬೇತಿಯ ಆಸ್ಪತ್ರೆಯ ವ್ಯಾಪ್ತಿಯೊಳಗೆ, ಹಿರಿಯರ ಉಸ್ತುವಾರಿಯಲ್ಲಿ ಮಾತ್ರ ಕೆಲಸ ಮಾಡಬೇಕು. ಹೊರಗೆ ಸ್ವಂತ ಬೋರ್ಡು ಹಾಕಿಕೊಳ್ಳುವಂತಿಲ್ಲ. ತರಬೇತಿ ಬಿಟ್ಟರೆ ಪರವಾನಗಿಯೂ ಬಿತ್ತು.

ನನಗೆ ಈ ಕಾಗದ ಇಷ್ಟವಾಗುವುದು ಅದರ ಸಂಕೋಚಕ್ಕೆ. ಎಲ್ಲಿ, ಯಾರ ಕೈಕೆಳಗೆ, ಎಲ್ಲಿಯವರೆಗೆ ಎಂಬ ಮೂರು ಮಾತನ್ನು ಅದು ಗಟ್ಟಿಯಾಗಿ ಹೇಳುತ್ತದೆ. ಏನು ಮಾಡಬಹುದು ಎಂಬ ನಾಲ್ಕನೆಯದನ್ನು ಮಾತ್ರ ಹಿರಿಯರ ವಿವೇಕಕ್ಕೆ ಬಿಡುತ್ತದೆ. ಪಕ್ಕದಲ್ಲೇ ಹಿರಿಯ ಸರ್ಜನ್ ನಿಂತಿರುವಾಗ ಅದು ನಡೆಯುತ್ತದೆ. ಜೋಯಿಡಾದಂಥ ತಾಲ್ಲೂಕಿನಲ್ಲಿ, ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡಿನ ನಡುವೆ ಹರಡಿಕೊಂಡ ಊರುಗಳಲ್ಲಿ, ಪಕ್ಕದಲ್ಲಿ ಯಾರೂ ನಿಂತಿರುವುದಿಲ್ಲ. ಆಸ್ಪತ್ರೆಯ ಗೋಡೆಯನ್ನೇ ಬೆನ್ನೆಲುಬು ಮಾಡಿಕೊಂಡ ಪರವಾನಗಿ ಗೋಡೆಯಿಲ್ಲದ ಕಡೆ ಕುಸಿಯುತ್ತದೆ. ಹಾಗಾಗಿ ಅದನ್ನು ಇದ್ದಂತೆ ಎತ್ತಿ ತರುವುದರಲ್ಲಿ ಅರ್ಥವಿಲ್ಲ. ಅದರ ಒಳಗಿನ ತರ್ಕವನ್ನು ನಾವು ಎಷ್ಟು ಬಳಸಿಕೊಂಡಿದ್ದೇವೆ, ಎಲ್ಲಿ ಕೆಡಿಸಿದ್ದೇವೆ ಎಂಬುದು ನೋಡಬೇಕಾದದ್ದು.

ಮೊದಲು ಕಾಲಿನ ಮಾತು. ಐಸಿಎಂಆರ್ ನಡೆಸಿ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ. ಅವರಲ್ಲಿ ನೂರಕ್ಕೆ 19ರಿಂದ 34 ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಪಾದದಲ್ಲಿ ಹುಣ್ಣಾಗುವ ಸಂಭವವಿದೆ ಎಂಬುದು ವೈದ್ಯಕೀಯ ಲೋಕ ಒಪ್ಪಿಕೊಂಡಿರುವ ಅಂದಾಜು. ಹುಣ್ಣು ತಾನಾಗಿ ಹುಟ್ಟುವುದಿಲ್ಲ. ವರ್ಷಗಟ್ಟಲೆ ಏರಿದ ಸಕ್ಕರೆ ಕಾಲಿನ ನರಗಳನ್ನು ಮಂಕು ಮಾಡುತ್ತದೆ. ಅಂಗಾಲು ಜೋಮು ಹಿಡಿಯುತ್ತದೆ, ಬೆವರು ನಿಂತು ಒಣಗಿ ಬಿರಿಯುತ್ತದೆ, ಬೆರಳುಗಳು ಮಡಚಿಕೊಂಡು ಭಾರವೆಲ್ಲ ಮುಂಗಾಲಿನ ಎರಡು ಮೂರು ಎಲುಬಿನ ತುದಿಗಳ ಮೇಲೆ ಬೀಳುತ್ತದೆ. ಅಲ್ಲಿ ಚರ್ಮ ದಡ್ಡುಗಟ್ಟುತ್ತದೆ. ದಡ್ಡು ಗಟ್ಟಿಯಾದಷ್ಟೂ ಒಳಗಿನ ಮಾಂಸವನ್ನು ಒತ್ತುತ್ತದೆ. ಹೊರಗೆ ಗಟ್ಟಿ ಚರ್ಮ, ಒಳಗೆ ಕೀವು. ಇಷ್ಟಾದರೂ ಮನುಷ್ಯ ನಡೆಯುತ್ತಲೇ ಇರುತ್ತಾನೆ, ಏಕೆಂದರೆ ನೋವಿಲ್ಲ. ಹಳಿಯಾಳ, ಮುಂಡಗೋಡದ ಕಡೆ ಡ್ರೆಸ್ಸಿಂಗ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತರೆ ಕಿವಿಗೆ ಬೀಳುವ ಮಾತು ಒಂದೇ: "ನೋವೇನಿಲ್ಲರೀ, ಅದಕ್ಕ ತೋರಿಸಿರಲಿಲ್ಲ."

ಈ ಭಾಗದಲ್ಲಿ ಕಾಲಿಗೆ ಕೆಲಸವೂ ಜಾಸ್ತಿ. ಹಳಿಯಾಳದ ಕಬ್ಬಿನ ಹೊಲ, ಮುಂಡಗೋಡದ ಭತ್ತದ ಗದ್ದೆ, ಜೋಯಿಡಾದ ಕುಣಬಿಗಳು ಗೆಡ್ಡೆಗೆಣಸು ಬೆಳೆಯುವ ಕಾಡಂಚಿನ ಹಿತ್ತಲು, ಸಿದ್ದಿಯರು ಮತ್ತು ಗೌಳಿಗರು ದನ ಹೊಡೆದುಕೊಂಡು ನಡೆಯುವ ದಾರಿ, ಎಲ್ಲೆಡೆ ಬರಿಗಾಲು, ಇಲ್ಲವೇ ಸವೆದ ಹವಾಯಿ ಚಪ್ಪಲಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬೆರಳ ಸಂದಿ ಒಣಗುವುದೇ ಇಲ್ಲ. ದಾಂಡೇಲಿಯಲ್ಲಿ ಕಾಗದ ಕಾರ್ಖಾನೆಯಲ್ಲಿ ಆಯುಷ್ಯ ಸವೆಸಿ ನಿವೃತ್ತರಾದವರ ಕಥೆ ಇನ್ನೊಂದು ಬಗೆ: ಬಿಪಿ, ಶುಗರ್ ಮಾತ್ರೆಗಳ ಡಬ್ಬಿ ಮನೆಯಲ್ಲಿದೆ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆಯೂ ಆಗುತ್ತದೆ, ಕಾಲನ್ನು ಮಾತ್ರ ಯಾರೂ ಎತ್ತಿ ನೋಡಿಲ್ಲ.

ನೋಡದಿರುವುದಕ್ಕೆ ನಮ್ಮ ಆಸ್ಪತ್ರೆಗಳ ಒಂದು ರೂಢಿಯೂ ಕಾರಣ. ಪ್ರಾಥಮಿಕ ಆರೋಗ್ಯ ಕೇಂದ್ರವಾಗಲಿ, ಪೇಟೆಯ ಕ್ಲಿನಿಕ್ ಆಗಲಿ, ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು ಒಳಗೆ ಹೋಗಬೇಕು. ಸಕ್ಕರೆ ಕಾಯಿಲೆಯವರ ಪಾದದ ಚರಿತ್ರೆಯೆಲ್ಲ ಆ ಚಪ್ಪಲಿಯಲ್ಲಿ ಅಚ್ಚಾಗಿರುತ್ತದೆ. ಎಲ್ಲಿ ಸವೆದಿದೆ, ಯಾವ ಬೆರಳ ಕೆಳಗೆ ಗುಳಿ ಬಿದ್ದಿದೆ, ಅಟ್ಟೆಯೊಳಗೆ ಮೊಳೆ ಚುಚ್ಚಿಕೊಂಡಿದೆಯೇ ಎಂದು ನೋಡಿದರೆ ಅರ್ಧ ರೋಗನಿರ್ಣಯ ಅಲ್ಲೇ ಮುಗಿಯುತ್ತದೆ. ಡಾಕ್ಟರು ಆ ಚಪ್ಪಲಿಯನ್ನು ಜನ್ಮದಲ್ಲಿ ನೋಡುವುದಿಲ್ಲ. ರೋಗಿ ಮೇಜಿನ ಈಚೆ, ಕಾಲು ಮೇಜಿನ ಕೆಳಗೆ. ಒಬ್ಬರಿಗೆ ಎರಡು ನಿಮಿಷ ಸಿಗುವ ಹೊರರೋಗಿ ವಿಭಾಗದಲ್ಲಿ ಬಗ್ಗಿ ನೋಡಿ ಎಂದು ಡಾಕ್ಟರಿಗೆ ಉಪದೇಶ ಮಾಡುವುದು ಸುಲಭ. ಆ ಕೆಲಸಕ್ಕೆ ಬೇರೊಬ್ಬರು ಬೇಕು ಎಂದು ಒಪ್ಪಿಕೊಳ್ಳುವುದು ಪ್ರಾಮಾಣಿಕ.

ಕೆಲಸವಾದರೂ ಎಂಥದು? ಪೆನ್ನಿನಷ್ಟು ಉದ್ದದ ಹಿಡಿಕೆಗೆ ಸಿಕ್ಕಿಸಿದ ಒಂದು ನೈಲಾನ್ ಎಳೆ. ಅದನ್ನು ಚರ್ಮಕ್ಕೆ ನೆಟ್ಟಗೆ ಒತ್ತಿದರೆ ಸರಿಯಾಗಿ 10 ಗ್ರಾಂ ಒತ್ತಡಕ್ಕೆ ಬಾಗುತ್ತದೆ. ರೋಗಿಗೆ ಕಣ್ಣು ಮುಚ್ಚಲು ಹೇಳಿ ಹೆಬ್ಬೆರಳ ತುದಿ, ಹೆಬ್ಬೆರಳ ಬುಡ, ನಡುಬೆರಳ ಬುಡ, ಕಿರುಬೆರಳ ಬುಡ ಹೀಗೆ ಒತ್ತುತ್ತ "ಗೊತ್ತಾತೇನ್ರೀ?" ಎಂದು ಕೇಳಬೇಕು. ನಡುನಡುವೆ ಮುಟ್ಟದೆಯೂ ಕೇಳಬೇಕು. ಇಲ್ಲವಾದರೆ ಮರ್ಯಾದೆಗೆ ಕಟ್ಟುಬಿದ್ದ ನಮ್ಮ ಜನ ಎಲ್ಲದಕ್ಕೂ "ಹೂಂ" ಅನ್ನುತ್ತಾರೆ. ಆಮೇಲೆ ಪಾದದ ಮೇಲ್ಭಾಗದಲ್ಲೂ ಒಳಬದಿಯ ಹರಡಿನ ಎಲುಬಿನ ಹಿಂದೆಯೂ ನಾಡಿ ಮುಟ್ಟಿ ನೋಡಬೇಕು. ಬೆರಳ ಸಂದಿ ಬಿಡಿಸಿ ನೋಡಬೇಕು. ದಡ್ಡು ಇದ್ದರೆ ಸ್ಕಾಲ್ಪೆಲ್ಲನ್ನು ಹೆಚ್ಚುಕಡಿಮೆ ಮಲಗಿಸಿ ಹಿಡಿದು, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಪದರ ಪದರವಾಗಿ ಸವರಿ ತೆಗೆಯಬೇಕು. ಒಳಗಿನ ಚರ್ಮದ ಗೆರೆಗಳು ಕಾಣತೊಡಗಿದಾಗ ಕೈ ನಿಲ್ಲಬೇಕು. ದಡ್ಡಿನ ಒಳಗೆ ಕಪ್ಪು ಕೆಂಪು ಚುಕ್ಕೆ ಕಂಡರೆ ಕೆಳಗೆ ಹುಣ್ಣಿದೆ ಎಂದೇ ಲೆಕ್ಕ. ಅಲ್ಲಿಂದ ಮುಂದೆ ಆ ಕಾಲು ಬೇರೆಯವರ ಪಾಲು. ಎಂಬಿಬಿಎಸ್ ಇಲ್ಲದೆ ಇದನ್ನು ಕಲಿಯಬಹುದು, ತರಬೇತಿ ಇಲ್ಲದೆ ಕಲಿಯಲಾಗದು. ನಿಲ್ಲಬೇಕಾದ ಜಾಗದಲ್ಲಿ ನಿಲ್ಲುವುದಂತೂ ತರಬೇತಿಯ ಬಹುಪಾಲು.

ಈಗ ಇದನ್ನು ಮಾಡುತ್ತಿರುವವರು ಯಾರು? ಎಲ್ಲರೂ, ಯಾರೂ ಅಲ್ಲದವರು. ಮನೆಯಲ್ಲಿ ಮಗ ಶೇವಿಂಗ್ ಬ್ಲೇಡಿನಿಂದ ಅಪ್ಪನ ಆಣಿ ಕೊರೆಯುತ್ತಾನೆ. ಮೆಡಿಕಲ್ ಶಾಪಿನಲ್ಲಿ ಅಗ್ಗಕ್ಕೆ ಕಾರ್ನ್ ಕ್ಯಾಪ್ ಸಿಗುತ್ತದೆ. ಆ ಪಟ್ಟಿಯ ನಡುವಿನ ಬಿಳಿ ಮುಲಾಮು ಸ್ಯಾಲಿಸಿಲಿಕ್ ಆಮ್ಲ, ಸಾಮಾನ್ಯವಾಗಿ ನೂರಕ್ಕೆ ನಲವತ್ತರಷ್ಟು. ಸ್ಪರ್ಶವಿರುವ ಕಾಲಾದರೆ ಉರಿ ಬಂದಾಗ ಕಿತ್ತೆಸೆಯುತ್ತೇವೆ. ಜೋಮು ಹಿಡಿದ ಕಾಲಿಗೆ ಉರಿಯೇ ಇಲ್ಲ, ಆಮ್ಲ ಆಣಿಯನ್ನು ಮುಗಿಸಿ ಒಳ್ಳೆಯ ಚರ್ಮವನ್ನೂ ತಿನ್ನುತ್ತದೆ. ಚೀಟಿ ಬೇಡ, ವಿಚಾರಣೆ ಬೇಡ. ಸಂತೆಗಳಲ್ಲಿ ಕೊಳವೆ ಹಚ್ಚಿ ಆಣಿಯ ಬೇರು ಎಳೆದು ತೋರಿಸುವ ಅಲೆಮಾರಿಗಳಿದ್ದಾರೆ. ಇದಾವುದಕ್ಕೂ ಪರವಾನಗಿ ಇಲ್ಲ, ತಡೆಯೂ ಇಲ್ಲ. ನಮ್ಮಲ್ಲಿ ಬ್ಲೇಡಿಗೆ ಕಾವಲಿಲ್ಲ, ಬೋರ್ಡಿಗೆ ಮಾತ್ರ ಕಾವಲು.

ಇದು ನಮ್ಮದೊಂದೇ ರೋಗವಲ್ಲ ಎನ್ನುವುದು ಸಮಾಧಾನವೋ ಸಂಕಟವೋ ತಿಳಿಯದು. ಬ್ರಿಟನ್ನಿನಲ್ಲಿ ಪೋಡಿಯಾಟ್ರಿಸ್ಟ್ ಎಂಬ ಹೆಸರನ್ನು ನೋಂದಾಯಿಸಿಕೊಂಡವರು ಮಾತ್ರ ಬಳಸಬೇಕೆಂಬ ಕಟ್ಟುನಿಟ್ಟಿದೆ. ಅವರಿಗೆ 2013ರಲ್ಲಿ ಸ್ವತಂತ್ರವಾಗಿ ಔಷಧಿ ಬರೆಯುವ ಹಕ್ಕೂ ಸಿಕ್ಕಿತು. ಆದರೆ 'ಪಾದ ಆರೋಗ್ಯ ಕಾರ್ಯಕರ್ತ' ಎಂಬರ್ಥದ ಬೇರೊಂದು ಬೋರ್ಡು ಹಾಕಿಕೊಂಡರೆ ಅದೇ ಕೆಲಸದ ಬಹುಪಾಲನ್ನು ನೋಂದಣಿಯಿಲ್ಲದೆ ಮಾಡಬಹುದು. ನಮ್ಮ 2021ರ ಕಾಯ್ದೆಯೂ ನೋಂದಣಿ, ಹುದ್ದೆಯ ಹೆಸರು, ಓದಿನ ಗಂಟೆ ಇವನ್ನೇ ಹಿಡಿದುಕೊಂಡು ಕೂತಿದೆ. ಸಹಾಯಕ ವೃತ್ತಿಯವರಿಗೆ ಕನಿಷ್ಠ 2,000 ಗಂಟೆ, ಎರಡರಿಂದ ನಾಲ್ಕು ವರ್ಷ. ಆರೋಗ್ಯ ವೃತ್ತಿಪರರಿಗೆ 3,600 ಗಂಟೆ, ಮೂರರಿಂದ ಆರು ವರ್ಷ. ಗಂಟೆಗಳ ಬಗ್ಗೆ ತಕರಾರಿಲ್ಲ. ಅಷ್ಟು ಓದಿದವರು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಕುರ್ಚಿ ಹಾಕಿಕೊಳ್ಳುತ್ತಾರೆಯೇ ಹೊರತು ಜೋಯಿಡಾಕ್ಕೆ ಬರುತ್ತಾರೆ ಎಂದು ನಂಬಲು ಕಾರಣವಿಲ್ಲ. ಬೆಂಗಳೂರಿನಲ್ಲಿ ಸರ್ಕಾರದ್ದೇ ಆದ ಮಧುಮೇಹ ಮತ್ತು ಎಂಡೊಕ್ರೈನಾಲಜಿ ಸಂಸ್ಥೆಯಲ್ಲಿ ಪೋಡಿಯಾಟ್ರಿ ವಿಭಾಗವಿದೆ, ಒಳ್ಳೆಯ ಕೆಲಸ ನಡೆಯುತ್ತಿದೆ. ಅಲ್ಲಿಂದ ದಾಂಡೇಲಿಗೆ ಒಂದು ರಾತ್ರಿಯ ಬಸ್ಸು. ಹುಣ್ಣಾದ ಕಾಲು ಇಳಿಬಿಟ್ಟುಕೊಂಡು ಒಂದು ರಾತ್ರಿ.

ಹತ್ತಿರದ್ದೆಂದರೆ ಧಾರವಾಡ, ಹುಬ್ಬಳ್ಳಿ. ಜಿಲ್ಲೆಯ ಮೆಡಿಕಲ್ ಕಾಲೇಜು ಇರುವುದು ಘಟ್ಟದ ಕೆಳಗೆ ಕಾರವಾರದಲ್ಲಿ, ಇಲ್ಲಿಂದ ನೂರು ಕಿಲೋಮೀಟರಿಗೂ ಆಚೆ. ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ದನಿಯೆತ್ತಿ ವರ್ಷಗಳೇ ಆದವು. ಆ ಬೇಡಿಕೆ ನ್ಯಾಯವಾದದ್ದೇ. ಆದರೆ ಅಲ್ಲಿಗೆ ಹೋಗುವ ಕಾಲು ಕತ್ತರಿಸಲು ಹೋಗುವ ಕಾಲು. ಅದಕ್ಕೆ ಎಷ್ಟೋ ಮೊದಲು, ದಡ್ಡು ಕಟ್ಟಿದ ಹಂತದಲ್ಲಿ, ಊರಲ್ಲೇ ಒಬ್ಬರು ಸಿಕ್ಕಿದ್ದರೆ ಎಂಬುದು ಇಲ್ಲಿನ ಮಾತು.

ಅಂಥವರು ಒಂದು ಕಾಲದಲ್ಲಿ ಇದ್ದರು. ಸೀಮಿತ ಪರವಾನಗಿ ಎಂದರೆ ಪರದೇಶದ ಸರಕು ಎಂದುಕೊಂಡವರು ಈ ಎರಡು ಅಧ್ಯಾಯ ಓದಬೇಕು.

ಒಂದು, ಎಲ್‌ಸಿಪಿಎಸ್ ಡಾಕ್ಟರುಗಳದ್ದು. ಹಳಿಯಾಳ, ಸೂಪಾ (ಇಂದಿನ ಜೋಯಿಡಾ), ಮುಂಡಗೋಡ ಎಲ್ಲವೂ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡ ಜಿಲ್ಲೆಯ ಭಾಗ. ಪದವಿಗಿಂತ ಕಡಿಮೆ ಓದಿ ಪರವಾನಗಿ ಪಡೆದ ಈ ಲೈಸೆನ್ಷಿಯೇಟುಗಳು ಇಂಥ ಊರುಗಳಿಗೆ ಸಿಗುತ್ತಿದ್ದ ವೈದ್ಯರು. ದೇಶದ ಆರೋಗ್ಯ ವ್ಯವಸ್ಥೆಯ ಸಮೀಕ್ಷೆ ನಡೆಸಿದ ಭೋರ್ ಸಮಿತಿಯ 1946ರ ವರದಿ ಬ್ರಿಟಿಷ್ ಭಾರತದ 47,524 ನೋಂದಾಯಿತ ವೈದ್ಯರಲ್ಲಿ 29,870 ಮಂದಿ ಲೈಸೆನ್ಷಿಯೇಟುಗಳು ಎಂದು ಲೆಕ್ಕ ಹೇಳಿ, ಇನ್ನು ಮುಂದೆ ಒಂದೇ ಬಗೆಯ ವೈದ್ಯರು ಸಾಕು, ಪದವೀಧರರು ಮಾತ್ರ ಎಂದು ತೀರ್ಮಾನಿಸಿತು. ಸಮಿತಿಯ ಆರು ಮಂದಿ ಒಪ್ಪಲಿಲ್ಲ. ಹಳ್ಳಿಗೆ ಪದವೀಧರರು ಹೋಗುವ ತನಕವಾದರೂ ಲೈಸೆನ್ಷಿಯೇಟುಗಳ ತರಬೇತಿ ನಡೆಯಲಿ ಎಂದರು. ಅವರ ಭಿನ್ನಮತ ವರದಿಯ ಪುಟಗಳಲ್ಲಿ ಉಳಿಯಿತು. ಭೋರ್ ಸಮಿತಿಯ ಮಹತ್ವ ಅಲ್ಲಗಳೆಯುವಂಥದ್ದಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಕಲ್ಪನೆಯೇ ಅದರದು. ಆದರೆ ಈ ಒಂದು ವಿಷಯದಲ್ಲಿ ಆ ಆರು ಮಂದಿ ಕಂಡದ್ದು ಸರಿಯಾಗಿತ್ತು ಎಂದು ಎಂಟು ದಶಕಗಳ ಖಾಲಿ ಹುದ್ದೆಗಳು ಸಾಕ್ಷಿ ಹೇಳುತ್ತಿವೆ.

ಎರಡನೆಯದು ಕುಷ್ಠರೋಗದ್ದು. ನಮ್ಮ ವಿಷಯಕ್ಕೆ ಇದೇ ಹತ್ತಿರದ್ದು, ಆದ್ದರಿಂದ ಸ್ವಲ್ಪ ನಿಂತು ಹೇಳಬೇಕು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ 1946ರಲ್ಲಿ ಬಂದ ಪಾಲ್ ಬ್ರ್ಯಾಂಡ್ ಎಂಬ ಸರ್ಜನ್, ಕುಷ್ಠದಲ್ಲಿ ಬೆರಳುಗಳು ತಾವಾಗಿ ಕೊಳೆತು ಬೀಳುತ್ತವೆ ಎಂಬ ನಂಬಿಕೆಯನ್ನು ಮುರಿದರು. ನೋವು ತಿಳಿಯದ್ದರಿಂದ ಆಗುವ ಗಾಯ, ಗಾಯವನ್ನೇ ತುಳಿದು ನಡೆಯುವುದು, ಅದರಿಂದ ಸೋಂಕು ಎಂದು ತೋರಿಸಿದರು. ಹಾಗಾದರೆ ಮದ್ದು ಇರುವುದು ಭಾರ ಇಳಿಸುವುದರಲ್ಲಿ, ಚಪ್ಪಲಿಯಲ್ಲಿ. ವೆಲ್ಲೂರು ಮತ್ತು ಪಕ್ಕದ ಕರಿಗಿರಿಯಲ್ಲಿ ಚಪ್ಪಲಿ ಹೊಲಿಯುವವರು ಸರ್ಜನ್ನರ ಪಕ್ಕ ಕೂತು ಕೆಲಸ ಮಾಡಿದರು. ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿ ಹೀಗೆ ಬಳಕೆಗೆ ಬಂತು. ಮೊಣಕಾಲ ಕೆಳಗಿನಿಂದ ಪಾದವನ್ನೆಲ್ಲ ಅಚ್ಚುಕಟ್ಟಾಗಿ ಹಿಡಿಯುವ ಪ್ಲಾಸ್ಟರ್ ಕಟ್ಟಿ ಹುಣ್ಣು ಮಾಗಿಸುವ ವಿಧಾನವನ್ನೂ ಬ್ರ್ಯಾಂಡ್ ಇಲ್ಲಿ ಪಳಗಿಸಿದರು. 1960ರ ದಶಕದಲ್ಲಿ ಅಮೆರಿಕದ ಕಾರ್ವಿಲ್‌ನ ಕುಷ್ಠರೋಗ ಆಸ್ಪತ್ರೆಗೆ ಹೋದಾಗ ಅದನ್ನು ಜೊತೆಗೆ ಒಯ್ದರು. ಇಂದು ಜಗತ್ತಿನ ಪೋಡಿಯಾಟ್ರಿಸ್ಟರು ಸಕ್ಕರೆ ಕಾಯಿಲೆಯ ಅಂಗಾಲ ಹುಣ್ಣಿಗೆ ಮೊದಲ ಆಯ್ಕೆಗಳಲ್ಲಿ ಒಂದೆಂದು ಬಳಸುವುದು ಅದನ್ನೇ.

ಈ ವಿದ್ಯೆಯನ್ನು ಊರೂರಿಗೆ ತಲುಪಿಸಿದವರು ಡಾಕ್ಟರುಗಳಲ್ಲ. ಕೆಲವೇ ತಿಂಗಳ ತರಬೇತಿ ಪಡೆದ ಕುಷ್ಠರೋಗ ಕಾರ್ಯಕ್ರಮದ ಅರೆವೈದ್ಯಕೀಯ ಕಾರ್ಯಕರ್ತರು. ಸೈಕಲ್ ತುಳಿದುಕೊಂಡು ಬಂದು, ಬಾಲ್‌ಪೆನ್ನಿನ ತುದಿಯಿಂದ ಅಂಗಾಲು ಮುಟ್ಟಿ ಸ್ಪರ್ಶ ನೋಡಿ, ಬಕೆಟ್ಟಿನ ನೀರಿನಲ್ಲಿ ಕಾಲು ನೆನೆಸಿಡಲು ಹೇಳಿ, ನೆನೆದ ದಡ್ಡನ್ನು ಕಲ್ಲಿನಿಂದ ಉಜ್ಜಿ ಎಣ್ಣೆ ಹಚ್ಚುವುದನ್ನು ಮನೆಯವರಿಗೆ ಕಲಿಸಿ ಹೋಗುತ್ತಿದ್ದರು. ಅವರಿಗೆ ಏನು ಮಾಡಬಹುದು, ಏನು ಮಾಡಬಾರದು ಎಂಬುದು ಗೊತ್ತಿತ್ತು. ಯಾರಿಗೆ ಕಳಿಸಬೇಕು ಎಂಬುದೂ ಗೊತ್ತಿತ್ತು. ಪೋಡಿಯಾಟ್ರಿ ಎಂಬ ಹೆಸರಿಲ್ಲದ ಪೋಡಿಯಾಟ್ರಿ ಅದು, ಸೀಮಿತ ತರಬೇತಿಯ ಪರವಾನಗಿ ಎಂದರೆ ಅದೇ. 2005ರ ಡಿಸೆಂಬರಿನಲ್ಲಿ, ರೋಗಿಗಳು ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆಯಾಗಿ, ದೇಶದ ಮಟ್ಟದಲ್ಲಿ ಕುಷ್ಠ ನಿರ್ಮೂಲನೆಯ ಗುರಿ ಮುಟ್ಟಿದಂತಾಯಿತು. ಕಾರ್ಯಕ್ರಮ ಸಾಮಾನ್ಯ ಆರೋಗ್ಯ ಸೇವೆಯಲ್ಲಿ ಕರಗಿತು, ಆ ಕಾರ್ಯಕರ್ತರ ಪಡೆಯೂ ಕರಗಿತು. ಇತ್ತ ಅದೇ ದಶಕದಲ್ಲಿ ಸಕ್ಕರೆ ಕಾಯಿಲೆ ಹಳ್ಳಿಗಳತ್ತ ನಡೆದು ಬರುತ್ತಿತ್ತು. ಸ್ಪರ್ಶವಿಲ್ಲದ ಕಾಲನ್ನು ಓದಬಲ್ಲ ಕೈಗಳನ್ನು ನಾವು ಬಿಟ್ಟುಕೊಟ್ಟದ್ದು ಸರಿಯಾಗಿ ಸ್ಪರ್ಶವಿಲ್ಲದ ಕಾಲುಗಳು ಹೆಚ್ಚುತ್ತಿದ್ದಾಗ. ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಕುಷ್ಠ ಒಂದು ವಿಭಾಗ, ಮಧುಮೇಹ ಇನ್ನೊಂದು. ಕಾಲಿಗೆ ಆ ಭೇದ ತಿಳಿಯದು.

ಇನ್ನು ಇತ್ತೀಚಿನ ಅರ್ಧ ಪರವಾನಗಿಗಳು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಂ 'ಸಮುದಾಯ ಆರೋಗ್ಯ ಪೂರೈಕೆದಾರ' ಎಂಬವರಿಗೆ ಸೀಮಿತ ಪರವಾನಗಿ ಕೊಡಲು ಅವಕಾಶ ಮಾಡಿತು. ಆಧುನಿಕ ವೈದ್ಯಕೀಯಕ್ಕೆ ಸಂಬಂಧಪಟ್ಟವರಾಗಿರಬೇಕು, ಒಟ್ಟು ವೈದ್ಯರ ಮೂರನೇ ಒಂದು ಭಾಗ ಮೀರಬಾರದು, ಪ್ರಾಥಮಿಕ ಆರೈಕೆಯಲ್ಲಿ ನಿಗದಿತ ಔಷಧಿ ಬರೆಯಬಹುದು, ಉಳಿದದ್ದೆಲ್ಲ ಉಸ್ತುವಾರಿಯಲ್ಲಿ. ಯಾರು ಅರ್ಹರು ಎಂಬುದನ್ನು ನಿಯಮಗಳಿಗೆ ಬಿಟ್ಟಿತು. ಮಸೂದೆಯ ಹಂತದಲ್ಲೇ ಭಾರತೀಯ ವೈದ್ಯಕೀಯ ಸಂಘ ಸಿಡಿದೆದ್ದು ಆ ವರ್ಷದ ಜುಲೈ 31ರಂದು ದೇಶದಾದ್ಯಂತ ತುರ್ತಲ್ಲದ ಸೇವೆ ನಿಲ್ಲಿಸಿತು. ನಕಲಿ ವೈದ್ಯರಿಗೆ ಕಾನೂನಿನ ಮುದ್ರೆ ಎಂಬುದು ಅವರ ಆಕ್ಷೇಪ. ಆ ಗದ್ದಲದಲ್ಲಿ ವೃತ್ತಿಯ ಸ್ವಾರ್ಥವೂ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೂ ಆಕ್ಷೇಪದ ತಿರುಳನ್ನು ನಾನು ಒಪ್ಪುತ್ತೇನೆ. 'ಪ್ರಾಥಮಿಕ ಆರೈಕೆ' ಎಂಬುದು ಗಡಿಯೇ ಅಲ್ಲ. ಜ್ವರವೂ ಪ್ರಾಥಮಿಕ, ಎದೆನೋವೂ ಮೊದಲು ಬರುವುದು ಪ್ರಾಥಮಿಕಕ್ಕೇ. ಇಡೀ ದೇಹವನ್ನು ಒಪ್ಪಿಸಿ ಜ್ಞಾನವನ್ನು ಮಾತ್ರ ಮಿತಗೊಳಿಸುವ ಪರವಾನಗಿ ಅಪಾಯಕಾರಿ. ಅದನ್ನು ತಿರುಗಿಸಬೇಕು: ದೇಹದ ಒಂದು ಭಾಗ, ಎಣಿಸಬಹುದಾದಷ್ಟು ಕೆಲಸ, ಆ ಕೆಲಸದ ಮಟ್ಟಿಗೆ ಪೂರ್ತಿ ಜ್ಞಾನ. ಪಾದ ಇಂಥ ಪರವಾನಗಿಗೆ ಹೇಳಿ ಮಾಡಿಸಿದ ಜಾಗ.

ಕರ್ನಾಟಕದ್ದೇ ಒಂದು ಪ್ರಯೋಗವೂ ಇದೆ. 2012ರಲ್ಲಿ ಆಗಿ 2015ರಲ್ಲಿ ಜಾರಿಗೆ ಬಂದ ಕಡ್ಡಾಯ ಸೇವೆಯ ಕಾಯ್ದೆ, ಓದು ಮುಗಿಸಿದ ವೈದ್ಯರಿಗೆ ತಾತ್ಕಾಲಿಕ ನೋಂದಣಿ ಕೊಟ್ಟು, ಒಂದು ವರ್ಷ ಸರ್ಕಾರಿ ಸೇವೆ ಮುಗಿದ ಮೇಲೆ ಖಾಯಂ ಮಾಡುವ ದಾರಿ ಹಿಡಿಯಿತು. ಕಾಗದದ ಮೇಲೆ ಅಮೆರಿಕದ ತರಬೇತಿ ಪರವಾನಗಿಯ ತಮ್ಮನಂತೆ ಕಾಣುತ್ತದೆ. ಆದರೆ ಅದರಲ್ಲಿ 'ಎಲ್ಲಿ' ಇದೆ, 'ಎಲ್ಲಿಯವರೆಗೆ' ಇದೆ, 'ಯಾರ ಕೈಕೆಳಗೆ' ಎಂಬುದೇ ಪೊಳ್ಳು. ಹೊಸ ಡಾಕ್ಟರು ದೂರದ ಕೇಂದ್ರಕ್ಕೆ ಬಂದು ಒಬ್ಬರೇ ಕೂರುತ್ತಾರೆ. ಕಲಿಸುವವರಿಲ್ಲದ ಕಡೆ ಅದು ತರಬೇತಿಯಾಗುವುದಿಲ್ಲ, ಹಾಜರಿಯಾಗುತ್ತದೆ.

ಇದಕ್ಕಿಂತ ಒಳ್ಳೆಯ ಮಾದರಿ ನಮ್ಮ ನೆಲದಲ್ಲೇ ಇತ್ತು. ಈ ಶತಮಾನದ ಮೊದಲ ದಶಕದಲ್ಲಿ ಭಾರತದಲ್ಲೂ ಟಾಂಜಾನಿಯಾದಲ್ಲೂ ನಡೆದ 'ಸ್ಟೆಪ್ ಬೈ ಸ್ಟೆಪ್' ಪಾದ ಯೋಜನೆ. ನಾಗಪುರದ ಡಾ. ಶರದ್ ಪೆಂಡಸೆ ಅದರ ಹಿಂದಿದ್ದವರಲ್ಲಿ ಒಬ್ಬರು. ಅದರ ಜಾಣತನ ಎರಡು ವಿಷಯದಲ್ಲಿತ್ತು. ಒಬ್ಬರಿಗೆ ತರಬೇತಿ ಕೊಡಲಿಲ್ಲ, ಒಂದೇ ಊರಿನ ಡಾಕ್ಟರು ಮತ್ತು ನರ್ಸನ್ನು ಜೋಡಿಯಾಗಿ ಕರೆಸಿದರು. ಒಮ್ಮೆ ಕಲಿಸಿ ಸರ್ಟಿಫಿಕೇಟ್ ಕೊಟ್ಟು ಕಳಿಸಲೂ ಇಲ್ಲ. ಮೊದಲ ಪಾಠದ ನಂತರ ಸಲಕರಣೆ ಕೊಟ್ಟು ಊರಿಗೆ ಕಳಿಸಿ, ಸುಮಾರು ಒಂದು ವರ್ಷ ಕೆಲಸ ಮಾಡಿಸಿ, ನೋಡಿದ ಕಾಲುಗಳ ಅನುಭವದೊಂದಿಗೆ ಮುಂದಿನ ಪಾಠಕ್ಕೆ ಕರೆಸಿದರು. ಜೋಡಿಯಲ್ಲಿ ಡಾಕ್ಟರು ವರ್ಗವಾಗಿ ಹೋದರೂ ನರ್ಸಿನ ಕೈಯಲ್ಲಿ ವಿದ್ಯೆ ಉಳಿಯುತ್ತದೆ. ಈ ಯೋಜನೆಯ ಕೊರತೆ ಎಂದರೆ ಕಲಿತ ನರ್ಸಿಗೆ ಕಾನೂನಿನ ರಕ್ಷಣೆ ಸಿಗದಿದ್ದದ್ದು. ಬ್ಲೇಡು ಹಿಡಿದರೆ "ನಿಮಗೆ ಅಧಿಕಾರ ಕೊಟ್ಟವರು ಯಾರು?" ಎಂಬ ಪ್ರಶ್ನೆಗೆ ತೋರಿಸಲು ಅವರ ಬಳಿ ಸರ್ಟಿಫಿಕೇಟ್ ಇತ್ತು, ಪರವಾನಗಿ ಇರಲಿಲ್ಲ.

ನನ್ನ ಅಭಿಪ್ರಾಯ ಸ್ಪಷ್ಟ. ಪದವೀಧರ ಪೋಡಿಯಾಟ್ರಿಸ್ಟರ ಜೊತೆಗೇ, ತಾಲ್ಲೂಕಿನ ಮಟ್ಟದಲ್ಲಿ ಪಾದಕ್ಕಷ್ಟೇ ಸೀಮಿತವಾದ ತರಬೇತಿ ಪರವಾನಗಿ ಇರಬೇಕು. ಅದು ಸಿಗಬೇಕಾದದ್ದು ಈಗಾಗಲೇ ಉಪಕೇಂದ್ರಗಳಲ್ಲಿ ಕೂತಿರುವ ಸಮುದಾಯ ಆರೋಗ್ಯ ಅಧಿಕಾರಿಗಳಿಗೆ, ತಾಲ್ಲೂಕು ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯ ನರ್ಸುಗಳಿಗೆ. ಅದರ ಗಡಿಯನ್ನು ಚರ್ಮದ ಆಳದಿಂದ ಎಳೆಯಬೇಕು. ಸ್ಪರ್ಶ ಪರೀಕ್ಷೆ, ನಾಡಿ, ಉಗುರು, ಒಡಕು, ದಡ್ಡು, ಚಪ್ಪಲಿ, ಇವು ಒಳಗೆ. ರಕ್ತ ಜಿನುಗುವ ಯಾವುದೂ ಹೊರಗೆ. ಕೆಂಪೇರಿ ಬಿಸಿಯಾದ ಪಾದ, ನಾಡಿ ಸಿಗದ ಪಾದ, ಕಪ್ಪಾದ ಬೆರಳು ಕಂಡರೆ ಅದೇ ದಿನ ಕಳಿಸಲೇಬೇಕು, ಕಳಿಸಿದ್ದನ್ನು ಬರೆದಿಡಬೇಕು. ಕಾರ್ನ್ ಕ್ಯಾಪ್ ಹಚ್ಚುವ ಅಧಿಕಾರ ಬೇಡವೇ ಬೇಡ.

ಉಸ್ತುವಾರಿ ಎಲ್ಲಿಂದ ಎಂಬುದು ಇದರ ದುರ್ಬಲ ಜಾಗ, ಮುಚ್ಚಿಟ್ಟು ಪ್ರಯೋಜನವಿಲ್ಲ. ಇ-ಸಂಜೀವನಿಯಂಥ ದೂರವೈದ್ಯ ವ್ಯವಸ್ಥೆಯಿದೆಯಲ್ಲ ಎನ್ನುತ್ತಾರೆ. ಹುಣ್ಣಿನ ಫೋಟೊ ಕಳಿಸಬಹುದು, ನಿಜ. ನಾಡಿಯನ್ನು ಫೋಟೊದಲ್ಲಿ ಕಳಿಸಲಾಗದು, ವಾಸನೆಯನ್ನೂ ಕಳಿಸಲಾಗದು. ಜೋಯಿಡಾದ ಎಷ್ಟೋ ಊರಲ್ಲಿ ಮಳೆಗಾಲದಲ್ಲಿ ನೆಟ್‌ವರ್ಕು ಬರುವುದೇ ಭಾಗ್ಯ. ಧಾರವಾಡ ಅಥವಾ ಹುಬ್ಬಳ್ಳಿಯ ಸರ್ಜನ್ನರೊಬ್ಬರು ತಿಂಗಳಿಗೊಮ್ಮೆ ಹಳಿಯಾಳದಲ್ಲಿ, ಇನ್ನೊಮ್ಮೆ ಮುಂಡಗೋಡದಲ್ಲಿ ಕೂತು, ಪರವಾನಗಿದಾರರು ಆ ತಿಂಗಳು ನೋಡಿದ ಕಾಲುಗಳನ್ನು ಜೊತೆಯಲ್ಲಿ ನೋಡುವ ಏರ್ಪಾಡಿಲ್ಲದೆ ಪರವಾನಗಿಯನ್ನು ನವೀಕರಿಸಬಾರದು. ಹಿರಿಯರು ಬರದ ತಿಂಗಳುಗಳು ಹೆಚ್ಚಾದರೆ ಪರವಾನಗಿ ತಾನಾಗಿ ಅಮಾನತಾಗಬೇಕು. ಕಲಿಯುವವರ ಮೇಲೆ ಮಾತ್ರ ಷರತ್ತು ಹಾಕಿ ಕಲಿಸುವವರನ್ನು ಬಿಟ್ಟದ್ದೇ ನಮ್ಮ ಹಿಂದಿನ ಪ್ರಯೋಗಗಳ ದೋಷ.

ಕಾನೂನು ಹೀಗೆ ಬಾಗುವುದೇ ಎಂದು ಕೇಳುವವರು ಮುಂಡಗೋಡದ ಟಿಬೆಟನ್ ಕ್ಯಾಂಪಿನತ್ತ ನೋಡಬಹುದು. 1966ರಿಂದ ನೆಲೆಸಿದ ಆ ಜನರ ಸೋವಾ-ರಿಗ್ಪಾ ವೈದ್ಯ ಪದ್ಧತಿಗೆ ಭಾರತದ ಕಾನೂನು ಮಾನ್ಯತೆ ಕೊಟ್ಟದ್ದು 2010ರಲ್ಲಿ. ಅಲ್ಲಿಯವರೆಗೆ ನಾಡಿ ಹಿಡಿದು ಮದ್ದು ಕೊಡುವುದು ನಿಂತಿರಲಿಲ್ಲ. ಅಲ್ಲಿಗೆ ಸುತ್ತಲಿನ ಕನ್ನಡಿಗರೂ ಹೋಗುತ್ತಾರೆ. ಬಳಕೆ ಮೊದಲು, ಮಾನ್ಯತೆ ಆಮೇಲೆ. ಪಾದದ ವಿಷಯದಲ್ಲಿ ಬಳಕೆ ಎಂದರೆ ಮನೆಯ ಶೇವಿಂಗ್ ಬ್ಲೇಡು. ಹಾಗಾಗಿ ಇಲ್ಲಿ ಮಾನ್ಯತೆಗೆ ನಲವತ್ತು ವರ್ಷ ಕಾಯಲು ಬರುವುದಿಲ್ಲ.

ಮನೆ ಬಾಗಿಲಿಗೆ ಹೋಗಿ ಬಿಪಿ, ಶುಗರ್ ನೋಡುವ ರಾಜ್ಯದ 'ಗೃಹ ಆರೋಗ್ಯ' ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಯಿತು. ಮನೆಯಲ್ಲಿ ಮೇಜಿಲ್ಲ, ಚಪ್ಪಲಿ ಬಾಗಿಲಲ್ಲೇ ಇರುತ್ತದೆ, ಕಾಲು ನೋಡಲು ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಹೋಗುವವರ ಕೈಗೆ ಆ ನೈಲಾನ್ ಎಳೆಯೊಂದನ್ನು ಕೊಟ್ಟು, ಅದನ್ನು ಬಳಸುವ ಅಧಿಕಾರವನ್ನು ಕಾಗದದಲ್ಲಿ ಬರೆದುಕೊಟ್ಟರೆ ಅರ್ಧ ಕೆಲಸ ಆದಂತೆ. ಉಳಿದರ್ಧ ಚಪ್ಪಲಿಯದು. ಎಂಸಿಆರ್ ಚಪ್ಪಲಿಯನ್ನು ಸರ್ಕಾರ ಈಗಲೂ ಉಚಿತವಾಗಿ ಕೊಡುತ್ತದೆ, ಕುಷ್ಠರೋಗ ಕಾರ್ಯಕ್ರಮದ ಅಡಿಯಲ್ಲಿ, ಕುಷ್ಠದಿಂದ ಸ್ಪರ್ಶ ಕಳೆದುಕೊಂಡವರಿಗೆ. ಅದೇ ಓಣಿಯಲ್ಲಿ ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಳೆದುಕೊಂಡವರು ಅದೇ ಚಪ್ಪಲಿ ಕೇಳಿದರೆ ಅವರ ಹೆಸರು ಬರೆಯಲು ಆ ರಿಜಿಸ್ಟರಿನಲ್ಲಿ ಕಾಲಂ ಇಲ್ಲ.